ಮಡ್ಡಿಯಿಂದ ಘಟ್ಟಕ್ಕೆ: ಹುಲಜಂತಿ ಪರಿಸರದ ಶಾಲೆಗಳಿಗೆ ನಾಲ್ಕು ದಿನಗಳ ಅಧ್ಯಯನ ಪ್ರವಾಸ

ಪೀಠಿಕೆ

ಸೋಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನ ಹುಲಜಂತಿಯು ಮಹಾಲಿಂಗರಾಯನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ದೀಪಾವಳಿಯ ಜಾತ್ರೆಯಲ್ಲಿ ಮಹಾರಾಷ್ಟ್ರ, ಕರ್ನಾಟಕಗಳ ಹಾಲುಮತದ ಭಕ್ತರು ಇಲ್ಲಿ ಕೂಡುತ್ತಾರೆ. ಪಲ್ಲಕ್ಕಿಗಳ ಭೇಟಿ ನಡೆಯುತ್ತದೆ. ಭಂಡಾರದಿಂದ ಊರು ಹಳದಿಯಾಗುತ್ತದೆ. ಜಾತ್ರೆ ಮುಗಿದ ಮೇಲೆ ಊರಿನ ಗಮನವೆಲ್ಲ ಹಿಂಗಾರಿ ಜೋಳದ ಕಡೆಗೆ, ಬಾವಿಯ ನೀರಿನ ಕಡೆಗೆ ತಿರುಗುತ್ತದೆ. ಎರೆಭೂಮಿ ಮತ್ತು ಮಡ್ಡಿಯ ನಡುವೆ ಬೆಳೆಯುವ ಇಲ್ಲಿಯ ಮಗುವಿಗೆ ಬರವೆಂದರೇನೆಂದು ಪಾಠದಿಂದ ತಿಳಿಯಬೇಕಾಗಿಲ್ಲ. ಆದರೆ ಬರಬೇಕಾದ ಮಳೆ ಎಲ್ಲಿ ಸುರಿಯಿತು, ಆ ನೀರು ಎಲ್ಲಿಗೆ ಹೋಯಿತು ಎಂಬುದು ಬಹುತೇಕ ಮಕ್ಕಳಿಗೆ ಅರಿವಿಲ್ಲದ ಸಂಗತಿ.

ಹುಲಜಂತಿ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ ಹಾಗೂ ಜತ್ತ ಭಾಗದ ಕನ್ನಡ ಮಾಧ್ಯಮ ಶಾಲೆಗಳು ಪ್ರತಿ ವರ್ಷ ಸಹಲು ಹೊರಡುತ್ತವೆ. ದೇವಸ್ಥಾನ, ಕೋಟೆ, ಸಮುದ್ರತೀರಗಳನ್ನು ನೋಡಿ ಮರಳುವುದು ಸಾಮಾನ್ಯ ಕ್ರಮ. ಅದೇ ನಾಲ್ಕು ದಿನಗಳಲ್ಲಿ ನೀರಿನ ಜಾಡು ಹಿಡಿದು ಸಹ್ಯಾದ್ರಿಯ ಅರಣ್ಯದವರೆಗೆ ಹೋಗಿಬಂದರೆ ಭೂಗೋಲ, ವಿಜ್ಞಾನ, ಭಾಷೆ ಮೂರೂ ಒಂದೇ ಪಾಠವಾಗುತ್ತವೆ. ಇಯತ್ತೆ 8 ಮತ್ತು 9ರ ವಿದ್ಯಾರ್ಥಿಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಅಂಥ ಪ್ರವಾಸದ ರೂಪರೇಷೆಯನ್ನು ಇಲ್ಲಿ ಕೊಡಲಾಗಿದೆ.

ಉದ್ದೇಶಗಳು

1. ಮಳೆನೆರಳಿನ ಪ್ರದೇಶವೆಂದರೇನೆಂಬುದನ್ನು ವಿದ್ಯಾರ್ಥಿಯು ಪ್ರತ್ಯಕ್ಷ ಅನುಭವದಿಂದ ವಿವರಿಸುವನು.
2. ಅರಣ್ಯ, ನದಿ, ಅಣೆಕಟ್ಟು ಮತ್ತು ತನ್ನ ಊರಿನ ಹೊಲಗಳ ನಡುವಿನ ಸಂಬಂಧವನ್ನು ನಕಾಶೆಯಲ್ಲಿ ತೋರಿಸುವನು.
3. ಮರಾಠಿಯಲ್ಲಿ ಕೇಳಿದ ಮಾಹಿತಿಯನ್ನು ಕನ್ನಡದಲ್ಲಿ ಸ್ವತಂತ್ರವಾಗಿ ನಿರೂಪಿಸುವನು.

ಪೂರ್ವಸಿದ್ಧತೆ

ಪ್ರವಾಸಕ್ಕೆ ಒಂದು ತಿಂಗಳು ಮೊದಲೇ ತರಗತಿಯಲ್ಲಿ ಪಾಠ ಆರಂಭವಾಗಬೇಕು. 1972ರ ಬರಗಾಲದ ಬಗ್ಗೆ ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬರುವಂತೆ ವಿದ್ಯಾರ್ಥಿಗಳಿಗೆ ತಿಳಿಸಬೇಕು. ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದುದೂ ಅದೇ ವರ್ಷ. ಮುಂದೆ ನೋಡಲಿರುವ ರಾಷ್ಟ್ರೀಯ ಉದ್ಯಾನಕ್ಕೆ ಆಧಾರ ಆ ಕಾಯ್ದೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮನು ಕೆರೆ ಕಟ್ಟಿಸಿದ ಸಂಗತಿಯನ್ನು ಕನ್ನಡ ಪಾಠದೊಂದಿಗೆ ಜೋಡಿಸಿದರೆ, ನೀರಿನ ಚಿಂತೆ ಈ ನೆಲಕ್ಕೆ ಹೊಸದಲ್ಲವೆಂಬುದು ಮನದಟ್ಟಾಗುತ್ತದೆ.

ಕಾಡು ಮಾತ್ರವೇ ನಿಸರ್ಗವೆಂಬ ತಪ್ಪು ಕಲ್ಪನೆ ಮಕ್ಕಳಲ್ಲಿ ಮೂಡಬಾರದು. ಸೋಲಾಪುರದ ಸಮೀಪ ನಾನ್ನಜದಲ್ಲಿ 1979ರಿಂದ ಎರ್ಲಡ್ಡು ಹಕ್ಕಿಯ ಅಭಯಾರಣ್ಯವಿದೆ. ಮರಾಠಿಯಲ್ಲಿ ಮಾಳಢೋಕ ಎನಿಸುವ ಈ ಹಕ್ಕಿ ಈಗ ಅತ್ಯಂತ ವಿರಳ. ಅದಕ್ಕೆ ಬೇಕಾದುದು ದಟ್ಟ ಕಾಡಲ್ಲ, ಬಯಲು ಹುಲ್ಲುಗಾವಲು. ಬಂಜರೆಂದು ಕಡೆಗಣಿಸಿದ ನೆಲವೂ ಒಂದು ಜೀವಿಯ ಮನೆಯಾಗಿರುತ್ತದೆ ಎಂಬುದನ್ನು ಹೊರಡುವ ಮೊದಲೇ ತಿಳಿಸಬೇಕು.

ಕಾಲದ ಆಯ್ಕೆ ಮುಖ್ಯ. ಮಳೆಗಾಲದಲ್ಲಿ ರಾಷ್ಟ್ರೀಯ ಉದ್ಯಾನವು ಸಂದರ್ಶಕರಿಗೆ ಮುಚ್ಚಿರುತ್ತದೆ. ಆದ್ದರಿಂದ ದೀಪಾವಳಿಯ ನಂತರದ ತಿಂಗಳುಗಳು ಸೂಕ್ತ. ಅರಣ್ಯ ವಿಭಾಗದ ಪರವಾನಗಿ, ಪಾಲಕರ ಸಂಮತಿಪತ್ರ, ವಸತಿಯ ವ್ಯವಸ್ಥೆ ಇವುಗಳನ್ನು ಮುಂಚಿತವಾಗಿ ಪೂರೈಸಬೇಕು.

ಮೊದಲನೆಯ ದಿನ: ಹುಲಜಂತಿಯಿಂದ ಸಾಂಗಲಿ

ಮಂಗಳವೇಢೆ, ಸಾಂಗೋಲೆ, ಮಿರಜ ಮಾರ್ಗವಾಗಿ ಬಸ್ಸು ಸಾಗುತ್ತದೆ. ಕಿಟಕಿಯ ಹೊರಗಿನ ಬೆಳೆಗಳೇ ಅಂದಿನ ಪಾಠ. ಜೋಳದ ಹೊಲ, ಸಾಂಗೋಲೆಯ ದಾಳಿಂಬೆ, ಮಿರಜದ ಕಡೆಯ ದ್ರಾಕ್ಷಿ, ಕೊನೆಗೆ ಕೃಷ್ಣಾ ತೀರದ ಕಬ್ಬು. ಪ್ರತಿ ಅರ್ಧ ಗಂಟೆಗೊಮ್ಮೆ ಕಂಡ ಬೆಳೆಯನ್ನು ವಹಿಯಲ್ಲಿ ಬರೆದುಕೊಂಡರೆ ನೀರು ಹೆಚ್ಚುತ್ತ ಹೋಗುವ ಕ್ರಮ ತಾನಾಗಿ ಗೋಚರಿಸುತ್ತದೆ.

ಮಿರಜ ತಾಲೂಕಿನ ಮ್ಹೈಸಾಳದಲ್ಲಿ ನಿಲ್ಲುವುದು ಅವಶ್ಯ. ಇಲ್ಲಿ ಕೃಷ್ಣೆಯ ನೀರನ್ನು ಹಂತಹಂತವಾಗಿ ಮೇಲೆತ್ತಿ ಜತ್ತ, ಸಾಂಗೋಲೆ, ಮಂಗಳವೇಢೆ ತಾಲೂಕುಗಳ ಕಡೆಗೆ ಹರಿಸುವ ಏತ ನೀರಾವರಿ ಯೋಜನೆಯಿದೆ. ಸಾಂಗಲಿಯ ಸಮೀಪ ಹರಿಪುರದಲ್ಲಿ ವಾರಣಾ ನದಿಯು ಕೃಷ್ಣೆಯನ್ನು ಸೇರುತ್ತದೆ. ಅದಕ್ಕೂ ಮೇಲೆ ಕರಾಡದಲ್ಲಿ ಕೋಯ್ನೆಯು ಸೇರುತ್ತದೆ. ಮ್ಹೈಸಾಳವು ಈ ಎರಡೂ ಸಂಗಮಗಳ ಕೆಳಭಾಗದಲ್ಲಿದೆ. ಅಂದರೆ ತಮ್ಮ ತಾಲೂಕಿಗೆ ಬರುವ ಕಾಲುವೆಯ ನೀರಿನಲ್ಲಿ ಮುಂದಿನ ಎರಡು ದಿನ ನೋಡಲಿರುವ ಕಾಡುಗಳ ಪಾಲಿದೆ ಎಂಬುದನ್ನು ವಿದ್ಯಾರ್ಥಿಗಳು ನಕಾಶೆಯ ಮೇಲೆ ಬೆರಳಿಟ್ಟು ಗುರುತಿಸಬೇಕು.

ಇಲ್ಲಿ ಶಿಕ್ಷಕರು ಸೂಕ್ಷ್ಮವಾಗಿರಬೇಕಾದ ಒಂದು ವಿಷಯವಿದೆ. ಪ್ರವಾಸದ ಕಾಲವೂ ಕಬ್ಬು ಕಡಿಯುವ ಹಂಗಾಮೂ ಒಂದೇ. ಜತ್ತ, ಮಂಗಳವೇಢೆ ಭಾಗದ ಅನೇಕ ಕುಟುಂಬಗಳು ಈ ತಿಂಗಳುಗಳಲ್ಲಿ ಇದೇ ಹೊಲಗಳಿಗೆ ದುಡಿಯಲು ಬಂದಿರುತ್ತವೆ. ರಸ್ತೆಬದಿಯ ಗುಡಿಸಲುಗಳಲ್ಲಿ ಬಸ್ಸಿನೊಳಗಿನ ಮಗುವಿನ ತಂದೆತಾಯಿಯರೇ ಇರಬಹುದು. ಅದನ್ನು ಕುತೂಹಲದ ನೋಟವಾಗಿ ತೋರಿಸಬಾರದು; ಸುಳ್ಳು ಮರೆಯನ್ನೂ ಹಾಕಬಾರದು. ನೀರು ಇಲ್ಲದ ಊರಿನಿಂದ ನೀರು ಇರುವ ಊರಿಗೆ ಜನರು ದುಡಿಯಲು ಬರುವುದು ಅವಮಾನದ ಸಂಗತಿಯಲ್ಲ, ಭೂಗೋಲದ ಸಂಗತಿ ಎಂದು ನೇರವಾಗಿ ಹೇಳಬೇಕು.

ಎರಡನೆಯ ದಿನ: ವಾರಣೆಯ ಮೇಲ್ದಂಡೆ

ಸಾಂಗಲಿಯಿಂದ ಶಿರಾಳೆ ಮಾರ್ಗವಾಗಿ ವಾರಣಾವತಿಗೆ ಹೋಗಬೇಕು. ಇಲ್ಲಿಯ ಅಣೆಕಟ್ಟಿನ ಜಲಾಶಯಕ್ಕೆ ವಸಂತಸಾಗರವೆಂದು ಹೆಸರು. ಅದರ ಸಂಗ್ರಹ ಸುಮಾರು 34 ಟಿ.ಎಂ.ಸಿ. ಜಲಾಶಯದ ಹಿಂದಿರುವುದೇ ಚಾಂದೋಲಿ ಅರಣ್ಯ. 1985ರಲ್ಲಿ ಅಭಯಾರಣ್ಯವಾಗಿ, 2004ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಿತವಾದ ಇದರ ವಿಸ್ತಾರ ಸುಮಾರು 317 ಚ.ಕಿ.ಮೀ. ಮುಂದೆ ಚಾಂದೋಲಿ ಮತ್ತು ಕೋಯ್ನಾ ಅರಣ್ಯಗಳನ್ನು ಕೂಡಿಸಿ ಸಹ್ಯಾದ್ರಿ ವ್ಯಾಘ್ರ ಸಂರಕ್ಷಿತ ಪ್ರದೇಶವನ್ನು ರಚಿಸಲಾಯಿತು. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಮಹಾರಾಷ್ಟ್ರದ ನಾಲ್ಕು ತಾಣಗಳಾದ ಕಾಸ ಪಠಾರ, ಕೋಯ್ನಾ, ಚಾಂದೋಲಿ, ರಾಧಾನಗರಿಗಳೂ ಅವುಗಳಲ್ಲಿ ಸೇರಿವೆ.

ಸಂಜೆ ವಸತಿಯಲ್ಲಿ ಮರುದಿನದ ಶಿಸ್ತನ್ನು ವಿವರಿಸಬೇಕು: ಮೌನ, ಮಾಸಿದ ಬಣ್ಣದ ಬಟ್ಟೆ, ಪ್ಲಾಸ್ಟಿಕ್ ನಿಷೇಧ, ಮಾರ್ಗದರ್ಶಕರ ಅಪ್ಪಣೆಯಿಲ್ಲದೆ ವಾಹನದಿಂದ ಇಳಿಯದಿರುವುದು. ಹುಲಿಯನ್ನು ನೋಡಿಯೇ ತೀರುತ್ತೇವೆಂಬ ಆಸೆ ಹುಟ್ಟಿಸಬಾರದು. ಇಲ್ಲಿ ಹುಲಿಯ ದರ್ಶನ ಬಹಳ ಅಪರೂಪ. ಹೆಜ್ಜೆಗುರುತು, ಲದ್ದಿ, ಮರದ ಮೇಲಿನ ಉಗುರಿನ ಗೀರು ಇವುಗಳನ್ನು ಓದುವುದೇ ಅರಣ್ಯದ ಅಕ್ಷರಾಭ್ಯಾಸ.

ಮೂರನೆಯ ದಿನ: ಚಾಂದೋಲಿಯ ಒಳಗೆ

ಉದ್ಯಾನದೊಳಗೆ ಅರಣ್ಯ ವಿಭಾಗವು ಅನುಮತಿಸಿದ ಚಿಕ್ಕ ವಾಹನಗಳಲ್ಲಿ ಸ್ಥಳೀಯ ಮಾರ್ಗದರ್ಶಕರೊಂದಿಗೆ ಹೋಗಬೇಕು. ಬೆಳಗಿನ ಹೊತ್ತು ಉತ್ತಮ. ಇಲ್ಲಿ ಎರಡು ಪ್ರಶ್ನೆಗಳನ್ನು ಮಾತ್ರ ಮುಂದಿಟ್ಟರೆ ಸಾಕು.

ಒಂದನೆಯದು, ಕಲ್ಲು ಒಂದೇ ಆಗಿರುವಾಗ ನೆಲ ಬೇರೆ ಏಕೆ? ಹುಲಜಂತಿಯ ಮಡ್ಡಿಯ ಕರಿಗಲ್ಲೂ ಸಹ್ಯಾದ್ರಿಯ ಕಡಿದಾದ ಬಂಡೆಯೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸದಿಂದಾದವು. ಸೋಲಾಪುರದಲ್ಲಿ ವರ್ಷಕ್ಕೆ ಸರಾಸರಿ ಸುಮಾರು 550 ಮಿ.ಮೀ. ಮಳೆ, ಕೋಯ್ನೆಯು ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿ.ಮೀ.ಗಿಂತ ಹೆಚ್ಚು. ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಮಾರುತಗಳು ಘಟ್ಟಕ್ಕೆ ತಾಗಿ ಮೇಲೇರಿ, ತಂಪಾಗಿ, ಅಲ್ಲೇ ಮಳೆಗರೆಯುತ್ತವೆ. ಪೂರ್ವಕ್ಕೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತವೆ. ಕಡಿಮೆ ಮಳೆಯಲ್ಲಿ ಅದೇ ಕಲ್ಲು ಎರೆಮಣ್ಣಾಯಿತು. ಅತಿ ಮಳೆಯಲ್ಲಿ ತೊಳೆದುಹೋಗಿ ಘಟ್ಟದ ನೆತ್ತಿಯಲ್ಲಿ ಕೆಂಪು ಜಂಬಿಟ್ಟಿಗೆಯಾಯಿತು; ಮರಾಠಿಯಲ್ಲಿ ಇದಕ್ಕೆ ಜಾಂಭಾ ಎನ್ನುತ್ತಾರೆ. ಊರಿನಿಂದ ಒಂದು ಕಲ್ಲನ್ನು ಒಯ್ದು ಅಲ್ಲಿಯ ಕಲ್ಲಿನೊಂದಿಗೆ ಹೋಲಿಸಿ ನೋಡಬಹುದು. ಆದರೆ ಉದ್ಯಾನದಿಂದ ಕಲ್ಲು, ಎಲೆ, ಗರಿ ಏನನ್ನೂ ತರಬಾರದು. ಚಿತ್ರ ಬರೆದುಕೊಂಡು ಬರಬೇಕು.

ಎರಡನೆಯದು, ಇಲ್ಲಿದ್ದ ಜನರು ಎಲ್ಲಿಗೆ ಹೋದರು? ಅಣೆಕಟ್ಟು ಮತ್ತು ಅರಣ್ಯಗಳಿಗಾಗಿ ಅನೇಕ ಊರುಗಳು ತೆರವಾದವು. ಘಟ್ಟದ ಮೇಲೆ ಎಮ್ಮೆ ಸಾಕಿ ಬಾಳುತ್ತಿದ್ದ ಗವಳಿ ಧನಗರರೂ ಅವರಲ್ಲಿದ್ದರು. ಕೋಯ್ನಾ ಸಂತ್ರಸ್ತರಲ್ಲಿ ಕೆಲವರಿಗೆ ಸೋಲಾಪುರ ಜಿಲ್ಲೆಯಲ್ಲೇ ಭೂಮಿ ದೊರೆಯಿತು. ಕುರಿ ಕಾಯುವ ಮನೆತನಗಳಿಂದ ಬಂದ ಹುಲಜಂತಿಯ ಮಕ್ಕಳಿಗೆ ಮೇವು, ಅಲೆದಾಟ, ನೆಲೆ ಎಂಬ ಮಾತುಗಳ ಅರ್ಥ ಗೊತ್ತು. ಕಾಡನ್ನು ಉಳಿಸಬೇಕೆಂಬುದೂ ನಿಜ, ಅದರ ಬೆಲೆಯನ್ನು ಕೆಲವರೇ ತೆತ್ತರೆಂಬುದೂ ನಿಜ. ಎರಡನ್ನೂ ಒಟ್ಟಿಗೆ ವಿಚಾರಿಸಲು ಅವಕಾಶ ಕೊಡಬೇಕು; ಶಿಕ್ಷಕರು ಅವಸರದಿಂದ ತೀರ್ಪು ಹೇಳಬಾರದು.

ಮಧ್ಯಾಹ್ನದ ಬಳಿಕ ಕರಾಡ, ಪಾಟಣ ಮಾರ್ಗವಾಗಿ ಕೋಯ್ನಾನಗರವನ್ನು ತಲುಪಬೇಕು.

ನಾಲ್ಕನೆಯ ದಿನ: ಕೋಯ್ನೆ ಮತ್ತು ಮರುಪ್ರಯಾಣ

ಕೋಯ್ನಾ ಅಣೆಕಟ್ಟಿನ ಎತ್ತರ 103 ಮೀಟರ್. ಅದರ ಹಿಂದಿನ ಶಿವಸಾಗರದ ಸಂಗ್ರಹ ಸುಮಾರು 105 ಟಿ.ಎಂ.ಸಿ. ಈ ನೀರಿನ ಹೆಚ್ಚಿನ ಪಾಲು ಸುರಂಗಗಳ ಮೂಲಕ ಘಟ್ಟದ ಪಶ್ಚಿಮಕ್ಕೆ ಧುಮುಕಿ ವಿದ್ಯುತ್ತನ್ನು ಉತ್ಪಾದಿಸಿ, ವಾಶಿಷ್ಠಿ ನದಿಯ ಮೂಲಕ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಹರಿಯಬಹುದಾದ ನೀರು ಪಶ್ಚಿಮಕ್ಕೆ ಹೋಗುವುದು ಸರಿಯೇ? ರಾಜ್ಯಕ್ಕೆ ಬೆಳಕು ಬೇಕು, ಬರದ ನಾಡಿಗೆ ನೀರು ಬೇಕು. ಈ ವಿಷಯದ ಮೇಲೆ ಎರಡು ಗುಂಪುಗಳಲ್ಲಿ ಚರ್ಚೆ ಏರ್ಪಡಿಸಬಹುದು. 1967ರ ಡಿಸೆಂಬರ್ 11ರಂದು ಇಲ್ಲಿ ಸಂಭವಿಸಿದ ಭೂಕಂಪವನ್ನು ಕುರಿತೂ ಸಂಕ್ಷಿಪ್ತವಾಗಿ ತಿಳಿಸಬೇಕು. ಕತ್ತಲಾಗುವ ಮೊದಲು ಊರು ಸೇರುವಂತೆ ಬೇಗನೆ ಹೊರಡಬೇಕು.

ಭಾಷಾ ಕಾರ್ಯ

ಅರಣ್ಯದ ಮಾರ್ಗದರ್ಶಕರ ಮಾತು ಮರಾಠಿಯಲ್ಲಿರುತ್ತದೆ. ಶಿಕ್ಷಕರು ವಾಕ್ಯಕ್ಕೆ ವಾಕ್ಯ ಅನುವಾದಿಸುತ್ತ ನಿಂತರೆ ಮಕ್ಕಳ ಕಿವಿ ಸೋಮಾರಿಯಾಗುತ್ತದೆ. ಹಗಲು ಮರಾಠಿಯಲ್ಲಿ ಕೇಳಲಿ. ರಾತ್ರಿ ಕನ್ನಡದಲ್ಲಿ ಹೇಳಲಿ. ವಹಿಯ ಪುಟವನ್ನು ಎರಡು ಭಾಗ ಮಾಡಿ, ಕೇಳಿದ ಹೆಸರಿನ ಎದುರು ಕನ್ನಡದ ಹೆಸರನ್ನು ಬರೆಯಿಸಬೇಕು: ಗವಾ – ಕಾಡುಕೋಣ, ಸಾಂಬರ – ಕಡವೆ, ಬಿಬಟ್ಯಾ – ಚಿರತೆ, ಅಸ್ವಲ – ಕರಡಿ, ಶೇಕರು – ಕೆಂದಳಿಲು, ಐನ – ಮತ್ತಿ, ಜಾಂಭೂಳ – ನೇರಳೆ, ಹಿರಡಾ – ಅಳಲೆ.

ಭೇಕರ ಎಂಬ ಪ್ರಾಣಿಗೆ ಕನ್ನಡದಲ್ಲಿ ಕಾಡುಕುರಿ ಎಂಬ ಹೆಸರಿದೆ. ಆದರೆ ಅದು ಕುರಿಯಲ್ಲ, ಜಿಂಕೆಯ ಜಾತಿಗೆ ಸೇರಿದ್ದು. ಕುರಿಯನ್ನು ಬಲ್ಲ ಹುಡುಗನೊಬ್ಬ ಈ ಹೆಸರು ಹೇಗೆ ಬಂತೆಂದು ಕೇಳದೆ ಇರಲಾರ. ಆ ಪ್ರಶ್ನೆಯಿಂದಲೇ ವರ್ಗೀಕರಣದ ಪಾಠವನ್ನು ಆರಂಭಿಸಬಹುದು. ಮನೆಯ ಮಾತಿನ ಚಿಗರಿ, ಹಳ್ಳ, ಒಡ್ಡು, ಮಡ್ಡಿ ಮೊದಲಾದ ಪದಗಳನ್ನು ಗ್ರಾಮ್ಯವೆಂದು ತಿದ್ದದೆ, ಪಠ್ಯದ ಪದಗಳ ಜೊತೆಗೆ ಬರೆಯಿಸಬೇಕು.

ಜಾಗ್ರತೆ

ಘಾಟಿನ ತಿರುವುಗಳಲ್ಲಿ ಬಯಲುಸೀಮೆಯ ಮಕ್ಕಳಿಗೆ ವಾಂತಿಯಾಗುವುದು ಸಹಜ. ಹೊರಡುವ ಮುನ್ನ ಲಘು ಆಹಾರ ಕೊಡಬೇಕು. ಜಲಾಶಯದ ಅಂಚಿಗೆ ಯಾರೂ ಇಳಿಯಬಾರದು. ವಿದ್ಯಾರ್ಥಿನಿಯರೊಂದಿಗೆ ಶಿಕ್ಷಕಿಯರು ಇರಲೇಬೇಕು. ಪ್ರಥಮೋಪಚಾರದ ಪೆಟ್ಟಿಗೆ, ಬೆಚ್ಚನೆಯ ಬಟ್ಟೆ, ಹಾಜರಿಪಟ್ಟಿ ಸದಾ ಜೊತೆಯಲ್ಲಿರಬೇಕು.

ಹಣದ ಅಡಚಣೆಯಿಂದ ಕೆಲವು ಮಕ್ಕಳು ಹಿಂದುಳಿಯುತ್ತಾರೆ. ನೀರಿನ ಈ ಪಾಠ ಹೆಚ್ಚು ಬೇಕಾದುದು ಬಹುಶಃ ಅವರಿಗೇ. ಗ್ರಾಮಸ್ಥರ ನೆರವಿನಿಂದ ಎಲ್ಲರನ್ನೂ ಒಯ್ಯಲು ಯತ್ನಿಸಬೇಕು. ಅದು ಸಾಧ್ಯವಾಗದಿದ್ದರೆ ಚಾಂದೋಲಿಯವರೆಗಿನ ಮೂರು ದಿನಗಳ ಪ್ರವಾಸವನ್ನಾದರೂ ಕಡಿಮೆ ಖರ್ಚಿನಲ್ಲಿ ಯೋಜಿಸಬೇಕು.

ಮೌಲ್ಯಮಾಪನ ಮತ್ತು ಸ್ವಾಧ್ಯಾಯ

1. ಅರಬ್ಬೀ ಸಮುದ್ರದಿಂದ ಹುಲಜಂತಿಯವರೆಗಿನ ಅಡ್ಡಛೇದದ ಆಕೃತಿಯನ್ನು ಬರೆದು ಮಳೆಯ ಪ್ರಮಾಣವನ್ನು ತೋರಿಸಿರಿ.
2. ಚಾಂದೋಲಿಯಲ್ಲಿ ಬಿದ್ದ ಒಂದು ಹನಿಯು ಮಂಗಳವೇಢೆ ತಾಲೂಕಿನ ಹೊಲವನ್ನು ಸೇರುವ ಮಾರ್ಗವನ್ನು ನಕಾಶೆಯ ಸಹಾಯದಿಂದ ವಿವರಿಸಿರಿ.
3. ಘಟ್ಟದ ಕಾಡು ನಾಶವಾದರೆ ನಿಮ್ಮ ಊರಿನ ಮೇಲೆ ಆಗುವ ಪರಿಣಾಮವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.
4. ಪ್ರವಾಸಕ್ಕೆ ಬರಲಾಗದ ಸಹಪಾಠಿಗೆ ಕನ್ನಡದಲ್ಲಿ ಪತ್ರ ಬರೆಯಿರಿ.
5. ಪ್ಲಾಸ್ಟಿಕ್ ಬಾಟಲಿಯಿಂದ ಮಳೆಮಾಪಕವನ್ನು ತಯಾರಿಸಿ, ಮುಂದಿನ ಮಳೆಗಾಲದಲ್ಲಿ ಶಾಲೆಯ ಅಂಗಳದಲ್ಲಿ ಪ್ರತಿದಿನದ ಮಳೆಯನ್ನು ದಾಖಲಿಸಿರಿ.

ಐದನೆಯ ಉಪಕ್ರಮವನ್ನು ಶಿಕ್ಷಕರು ಬಿಡಬಾರದು. ಪ್ರವಾಸದಲ್ಲಿ ಕಂಡ ಮಳೆಯ ಲೆಕ್ಕ ಬೇರೆಯವರ ಊರಿನದು. ಈ ದಾಖಲೆ ತಮ್ಮ ಊರಿನದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ವಿದ್ಯಾರ್ಥಿಗೆ ತನ್ನ ಹೊಲದ ಒಡ್ಡು, ತನ್ನ ಊರಿನ ಕೆರೆ ಏಕೆ ಬೇಕೆಂಬುದನ್ನು ಮತ್ತೊಬ್ಬರು ಹೇಳಬೇಕಾಗುವುದಿಲ್ಲ.