ಜಡೆನಾಗರವನ್ನು ಓದುವ ಬಗೆ

ಸಿದ್ದಾಪುರ ಸೀಮೆಯ ಮನ್ಮನೆಯ ಕಡೆಯವಳಾದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಜಡೆನಾಗರವನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಮುಂದಿಟ್ಟು, “ಅಕ್ಕೋರೇ, ಇದು ಒಂದೇ, ನಾವು ಅಕ್ಕತಂಗಿಯರು ಇಬ್ಬರು. ಕರಗಿಸಿ ಎರಡು ಸರ ಮಾಡಿಸಿದರೆ ನ್ಯಾಯವಾಗುವದಿಲ್ಲವೋ?” ಎಂದು ಕೇಳಿದಳು. ಒಡನೆ ಉತ್ತರ ಹೇಳಲಿಲ್ಲ; ಮೊದಲು ಇದನ್ನು ಓದೋಣ ಎಂದೆನು. ಆ ಓದೇ ಈ ಪಾಠವು.

ಜಡೆನಾಗರವು ಹೆಣೆದ ಜಡೆಯ ಮೇಲೆ ಉದ್ದಕ್ಕೂ ಇಳಿಯುವ ಆಭರಣ. ಮೇಲುಗಡೆ ಹೆಡೆಯೆತ್ತಿದ ನಾಗನು, ಅದರ ಕೆಳಗೆ ಬರಬರುತ್ತಾ ಕಿರಿದಾಗುವ ಕೆಂಪಿನ ಬಿಲ್ಲೆಗಳು ಒಂದಕ್ಕೊಂದು ಸೇರಿ ಹಾವಿನ ಮೈಯಂತೆ ಬಳುಕುವವು, ತುದಿಯಲ್ಲಿ ಕುಚ್ಚು. ಹೆಣ್ಣಿನ ಬೆನ್ನ ಮೇಲೆ ಹಾವೇಕೆ ಎಂದು ಕೇಳುವವರಿಗೆ ಉತ್ತರವು ಶಿರಸಿ ತಾಲೂಕಿನ ಬನವಾಸಿಯಲ್ಲಿ ಉಂಟು. ಅಲ್ಲಿನ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಅದರ ಅಂಚಿನ ಪ್ರಾಕೃತ ಶಾಸನವು ಕ್ರಿಸ್ತಶಕದ ಆದಿಭಾಗದ ಶತಮಾನಗಳದು. ಚುಟು ವಂಶದ ಅರಸನ ಮಗಳಾದ ಶಿವಸ್ಕಂದನಾಗಶ್ರೀ ಎಂಬವಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದಳೆಂದೂ, ನಟಕನೆಂಬ ಶಿಲ್ಪಿಯು ಅದನ್ನು ಕೆತ್ತಿದನೆಂದೂ ಅದರಿಂದ ತಿಳಿಯುತ್ತದೆ. ನಾಗನು ನೀರಿಗೂ ಸಂತಾನಕ್ಕೂ ಕಾವಲೆಂದು ಈ ನಾಡಿನವರು ನಂಬಿ ಬಂದಿರುವರು. ಕೆರೆಯ ಪಕ್ಕದಲ್ಲಿ ನಾಗನನ್ನು ನಿಲ್ಲಿಸಿದ ಆ ರಾಜಪುತ್ರಿಯ ಮನಸ್ಸಿಗೂ, ಮಗಳ ಜಡೆಗೆ ನಾಗನನ್ನು ಕಟ್ಟಿದ ತಾಯಿಯ ಮನಸ್ಸಿಗೂ ಬಹಳ ಅಂತರವಿರಲಾರದು.

ಬೈತಲೆಯ ಎಡಬಲಗಳಲ್ಲಿ ಇಡುವ ಸೂರ್ಯಚಂದ್ರರನ್ನು ಓದುವದು ಇನ್ನೂ ಸುಲಭ. ದಾನಶಾಸನದ ಕಲ್ಲುಗಳ ಮೇಲ್ಭಾಗವನ್ನು ನೋಡಿರಿ, ಅಲ್ಲಿಯೂ ಸೂರ್ಯಚಂದ್ರರೇ. ಅವರಿರುವ ತನಕ ಈ ದಾನವು ನಡೆಯಲಿ ಎಂಬದು ಅದರ ಅರ್ಥ. ವಧುವಿನ ತಲೆಯ ಮೇಲೆಯೂ ಹಾಗೆಯೇ. ಪದಕಗಳಲ್ಲಿ ಕಾಣುವ ಎರಡು ತಲೆಯ ಗಂಡಭೇರುಂಡವಾದರೋ, 1047ರಲ್ಲಿ ಚಾಮುಂಡರಾಯರಸನು ಬಳ್ಳಿಗಾವೆಯಲ್ಲಿ ನಿಲ್ಲಿಸಿದ ಕಂಬದ ಮೇಲೆಯೂ ಕೆಳದಿಯ ರಾಮೇಶ್ವರ ದೇವಾಲಯದಲ್ಲಿಯೂ ಕಾಣುವದು. ಮೈಸೂರು ಅರಸರ ಲಾಂಛನವಾಗಿ, ಈಗ ನಮ್ಮ ರಾಜ್ಯದ ಲಾಂಛನವೂ ಆಗಿದೆ. ಹಂಸ, ಮಕರ, ಮಾವಿನಕಾಯಿಗಳನ್ನು ನೀವೇ ಗುರುತಿಸಬಲ್ಲಿರಿ.

ಇನ್ನು ಹಿಂಬದಿಗೆ ತಿರುಗಿಸಿರಿ. ಈ ಪಾಠದಲ್ಲಿ ನಾನು ಹೆಚ್ಚು ಒತ್ತಿ ಹೇಳತಕ್ಕದ್ದು ಇದನ್ನೇ, ಯಾಕಂದರೆ ಪೇಟೆಯಲ್ಲಿ ಯಾರೂ ಇದನ್ನು ಬಿಡಿಸಿ ಹೇಳುವದಿಲ್ಲ. ಹಳೆಯ ಕೆಂಪಿನ ಕೆಲಸದಲ್ಲಿ ಚಿನ್ನದ ತೆಳು ತಗಡಿನಿಂದ ಗೂಡು ಮಾಡಿ, ಒಳಗೆ ಅರಗು ತುಂಬಿ, ಕಲ್ಲಿನ ಅಡಿಗೆ ಹೊಳಪಿಗಾಗಿ ತಗಡನ್ನಿಟ್ಟು, ಸುತ್ತಲೂ ಅಪ್ಪಟ ಬಂಗಾರದ ಕುಂದಣವನ್ನು ಒತ್ತಿ ಕೂರಿಸುವರು. ಆದಕಾರಣ ತಕ್ಕಡಿಯಲ್ಲಿ ಬರುವ ತೂಕವೆಲ್ಲವೂ ಚಿನ್ನವಲ್ಲ. ಅರಗು ಉಂಟು, ಕಲ್ಲು ಉಂಟು. ಕರಗಿಸುವಾಗ ಅರಗು ಉರಿದುಹೋಗುವದು. ಬಿಡಿಸುವಾಗ ಕಲ್ಲು ಒಡೆಯಬಹುದು, ಒಡೆಯದಿದ್ದರೂ ಕೊಳ್ಳುವವರು ಅದಕ್ಕೆ ಬೆಲೆ ಕಟ್ಟುವದು ಅಪರೂಪ. ಮಾಡಿದ ಕೈಯ ಕೂಲಿಯಂತೂ ಸೊನ್ನೆ. ಸವರನ್ ನಾಣ್ಯಗಳನ್ನು ಪೋಣಿಸಿದ ಕಾಸಿನ ಸರವಾಗಿದ್ದರೆ ಒಂದೊಂದೂ ಸುಮಾರು 8 ಗ್ರಾಮಿನದು, ಎಣಿಸಿ ಹಂಚಬಹುದಾಗಿತ್ತು. ಜಡೆನಾಗರವು ಹಾಗೆ ಹಂಚಿಕೆಗೆ ಒಗ್ಗುವ ವಸ್ತುವಲ್ಲ.

ಮತ್ತೆ ಮಾಡಿಸಿದರಾಯಿತಲ್ಲ ಎನ್ನಬಹುದು. 1963ರಲ್ಲಿ ಚಿನ್ನ ನಿಯಂತ್ರಣದ ನಿಯಮಗಳು ಬಂದು, 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಆಭರಣ ಕೂಡದೆಂದಾದಾಗ ಅನೇಕ ಅಕ್ಕಸಾಲಿಗರು ಕಸಬನ್ನೇ ಬಿಟ್ಟರು. 14 ಕ್ಯಾರಟ್ಟಿನ ಕಟ್ಟು ಬೇಗನೆ ಸಡಿಲಾಯಿತು, ನಿಯಂತ್ರಣದ ಕಾಯಿದೆಯೇ 1990ರಲ್ಲಿ ರದ್ದಾಯಿತು. ಬಿಟ್ಟವರೆಲ್ಲರೂ ಕುಲುಮೆಗೆ ಹಿಂದಿರುಗಲಿಲ್ಲ.

ಮಿಶನ್ ಶಾಲೆಯಲ್ಲಿ ಆಭರಣದ ಪಾಠವೋ ಎಂದು ನಗುವವರಿದ್ದಾರೆ. ಪೇತ್ರನ ಮೊದಲನೆಯ ಪತ್ರಿಕೆಯ ಬುದ್ಧಿವಾದವನ್ನು ನಾನು ಮರೆತಿಲ್ಲ. ತೊಡುವದು ಬಿಡುವದು ಅವರವರ ಮನಸ್ಸಾಕ್ಷಿಗೆ ಸೇರಿದ್ದು. ಆದರೂ ವಿಮೋಚನಕಾಂಡದ 32ನೆಯ ಅಧ್ಯಾಯವನ್ನು ತೆಗೆದು ನೋಡಿರಿ: ಹೆಂಡಿರು ಮಕ್ಕಳ ಕಿವಿಯ ಮುರುವುಗಳನ್ನು ಕರಗಿಸಿ ಆದದ್ದೇನು? ಒಂದು ಕರು.

ಸ್ತ್ರೀಧನದ ವಿಷಯವಾಗಿ ಕಲ್ಯಾಣದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಬಹು ಕಾಲದ ಹಿಂದೆಯೇ ವಿಸ್ತಾರವಾಗಿ ವಿಚಾರಿಸಿದನು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಹೆಣ್ಣಿನ ಸ್ವತ್ತಿಗೆ ಆಕೆಯೇ ಪೂರ್ಣ ಒಡತಿಯೆಂದಿತು. ಹೀಗಿರಲಾಗಿ ಈ ನಿಶ್ಚಯವು ಆ ಅಕ್ಕತಂಗಿಯರದೇ ಹೊರತು ಗಂಡಂದಿರದಲ್ಲ, ನನ್ನದೂ ಅಲ್ಲ. ನಾನು ಹೇಳಿದ್ದಿಷ್ಟು: ಮೊದಲು ಎರಡೂ ಬದಿಯ ಚಿತ್ರ ತೆಗೆಸಿರಿ, ತೂಕವನ್ನೂ ಯಾರಿಂದ ಬಂತೆಂಬದನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ, ಬಿಸಿನೀರು ಸೀಗೆ ಸೋಕಿಸದೆ ಒಣ ಹತ್ತಿಬಟ್ಟೆಯಿಂದ ಒರಸಿರಿ, ಅರಗು ಬಿಸಿಗೆ ಮೆತ್ತಗಾಗುವದು, ಒಬ್ಬಳು ಇದನ್ನು ಇಟ್ಟುಕೊಂಡು, ಇನ್ನೊಬ್ಬಳಿಗೆ ಬಳೆಗಳನ್ನೋ ಹಣವನ್ನೋ ಕೊಡಲಿ.

ಆಕೆ ಉಗುರಿನಿಂದ ನಾಗನ ಹೆಡೆಯ ಹಿಂಭಾಗವನ್ನು ಮೆಲ್ಲಗೆ ಸವರಿ, ಅಲ್ಲಿದ್ದ ಹಳೆಯ ಅರಗಿನ ಬಿರುಕನ್ನು ಮೊದಲ ಸಲ ನೋಡಿದಳು. ತಂಗಿಯನ್ನು ಕೇಳಿ ಬರುವೆನೆಂದು ಪುನಃ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಅವರಿನ್ನೂ ನಿಶ್ಚಯಿಸಿಲ್ಲ, ಜಡೆನಾಗರವು ಸದ್ಯಕ್ಕೆ ಅಕ್ಕನ ಪೆಟ್ಟಿಗೆಯಲ್ಲಿದೆ.