ಬೆಂಗಳೂರೋ ಮುಂಬೈಯೋ: ಗದಗಿನವನ ಲೆಕ್ಕ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮನೆಗಳಲ್ಲಿ ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಈಗ ಒಮ್ಮೊಮ್ಮೆ ಎರಡೆರಡು ಆಫರ್ ಬರುತ್ತವೆ. ಒಂದು ಬೆಂಗಳೂರಿನದು, ಇನ್ನೊಂದು ಮುಂಬೈಯದು. ಅಂಕಿ ದೊಡ್ಡದಿದ್ದ ಕಡೆ ಮನೆಮಂದಿಯ ಮನಸ್ಸು ವಾಲುತ್ತದೆ. ಎರಡೂ ಊರಲ್ಲಿ ದುಡಿದು, ಎರಡೂ ಊರಲ್ಲಿ ಬಾಡಿಗೆ ಕಟ್ಟಿದವನೆಂದು ನನ್ನನ್ನು ಕೇಳುತ್ತಾರೆ: ‘ಯಾವ್ದು ಚೊಲೋ?’ ಈ ಪ್ರಶ್ನೆಯೊಳಗೆ ಎರಡು ಬೇರೆ ಪ್ರಶ್ನೆಗಳಿವೆ. ಅಲ್ಲಿ ಬದುಕಿದರೆ ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂಬುದು ಒಂದು. ಅಲ್ಲಿ ಮನೆ ಕೊಳ್ಳಬಹುದೇ ಎಂಬುದು ಇನ್ನೊಂದು. ಇವನ್ನು ಕೂಡಿಸಿ ಕೇಳಿದಷ್ಟು ದಿನ ಸರಿಯಾದ ಉತ್ತರ ಸಿಗುವುದಿಲ್ಲ.

ಎರಡೂ ಊರು ಸಮವೇ ಎಂಬ ಬಗ್ಗೆ ಸರ್ಕಾರದೊಳಗೇ ಒಮ್ಮತವಿರಲಿಲ್ಲ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಕೇಂದ್ರ ನೌಕರರಿಗೆ ಬೆಂಗಳೂರು, ಮುಂಬೈ ಎರಡೂ ಎಕ್ಸ್ ದರ್ಜೆ. ತುಟ್ಟಿಭತ್ಯೆ ಶೇ. 50 ಮುಟ್ಟಿದ ಮೇಲೆ ಅಲ್ಲಿ ಮನೆಬಾಡಿಗೆ ಭತ್ಯೆ ಮೂಲ ವೇತನದ ಶೇ. 30, ಹುಬ್ಬಳ್ಳಿ-ಧಾರವಾಡದಲ್ಲಿ ಶೇ. 20, ನಮ್ಮ ಗದಗಿನಲ್ಲಿ ಶೇ. 10. ಆದರೆ ನಾನು ಮುಂಬೈಗೆ ಹೋದ ಕಾಲಕ್ಕೆ ಆದಾಯ ತೆರಿಗೆಯವರಿಗೆ ಮಹಾನಗರವೆಂದರೆ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ನಾಲ್ಕೇ. ಬಾಡಿಗೆ ಭತ್ಯೆಯ ವಿನಾಯಿತಿಯ ಮಿತಿ ಅಲ್ಲಿ ಸಂಬಳದ ಶೇ. 50, ಬೆಂಗಳೂರಿನಲ್ಲಿ ಶೇ. 40. ಹೊಸ ತೆರಿಗೆ ಪದ್ಧತಿಯಲ್ಲಂತೂ ಈ ವಿನಾಯಿತಿಯೇ ಇಲ್ಲ.

ಹಾಗಾಗಿ ನನ್ನ ಮೊದಲ ಪಾಠ ತೆರಿಗೆಯದೇ. ಮುಂಬೈಯ ಬಾಡಿಗೆ ಬೆಂಗಳೂರಿಗಿಂತ ತಿಂಗಳಿಗೆ 15,000 ರೂಪಾಯಿ ಹೆಚ್ಚು ಎಂದುಕೊಳ್ಳೋಣ. ಪಗಾರವೂ 15,000 ಹೆಚ್ಚಿದರೆ ಸಾಕು ಎಂದು ಮನೆಯಲ್ಲಿ ಕೂತವರು ಹೇಳಿಬಿಡುತ್ತಾರೆ. ಶೇ. 30ರ ತೆರಿಗೆ ಹಂತದಲ್ಲಿದ್ದವನಿಗೆ ಸೆಸ್ ಸೇರಿ ಹೆಚ್ಚಳದ ಶೇ. 31.2 ಕೈಗೆ ಬರುವ ಮುಂಚೆಯೇ ಹೋಗುತ್ತದೆ. ಹೊಸ ಪದ್ಧತಿಯಲ್ಲಿ 15,000 ಕೈಗೆ ಸಿಗಬೇಕಾದರೆ ಪಗಾರ ಸುಮಾರು 21,800 ಏರಬೇಕು. ಇನ್ನು ಆಫರ್ ಪತ್ರದ ವಾರ್ಷಿಕ ಅಂಕಿಯೊಳಗೆ ಕಂಪನಿ ಕಟ್ಟುವ ಭವಿಷ್ಯ ನಿಧಿ, ಗ್ರಾಚ್ಯುಟಿ ಎಲ್ಲ ಕೂತಿರುತ್ತವೆ. ಅವು ನಮ್ಮವೇ ನಿಜ, ಆದರೆ ಅವುಗಳಿಂದ ಬಾಡಿಗೆ ಕಟ್ಟಲಾಗದು.

ಬಾಡಿಗೆಯೂ ಹೇಳಿದಷ್ಟೇ ಇರುವುದಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ರೂಢಿ ಹಳೆಯದು. 25,000 ಬಾಡಿಗೆಗೆ ಎರಡೂವರೆ ಲಕ್ಷ ಮಾಲೀಕರ ಬಳಿ ಬಡ್ಡಿಯಿಲ್ಲದೆ ಇರುತ್ತದೆ. ಶೇ. 7ರ ಠೇವಣಿ ಬಡ್ಡಿ ಹಿಡಿದರೂ ತಿಂಗಳಿಗೆ ಸುಮಾರು 1,450 ರೂಪಾಯಿ ಕಾಣದ ಬಾಡಿಗೆ. ಬಿಡುವಾಗ ಬಣ್ಣದ ಖರ್ಚೆಂದು ಮುರಿದುಕೊಳ್ಳುವುದು ಬೇರೆ. ಮುಂಬೈಯಲ್ಲಿ ಡಿಪಾಜಿಟ್ ಅಷ್ಟು ದೊಡ್ಡದಲ್ಲ. ಆದರೆ ‘ಲೀವ್ ಅಂಡ್ ಲೈಸೆನ್ಸ್’ ಕರಾರು ಹೆಚ್ಚಾಗಿ 11 ತಿಂಗಳದ್ದು, ಬ್ರೋಕರನಿಗೆ ಒಂದು ತಿಂಗಳ ಬಾಡಿಗೆ, ಮೇಲೆ ನೋಂದಣಿಯ ಖರ್ಚು. 40,000ದ ಮನೆಯನ್ನು 11 ತಿಂಗಳಿಗೆ ಬದಲಿಸಿದರೆ ದಲ್ಲಾಳಿಯ ಪಾಲೇ ತಿಂಗಳಿಗೆ 3,600 ದಾಟುತ್ತದೆ.

ಅಳತೆಯ ಮಾತೂ ಇದೆ. ನಮ್ಮ ಕಡೆ ಗುಂಟೆಯೆಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಮುಂಬೈ ಪಕ್ಕದ ಠಾಣೆಯಲ್ಲಿ ನಾನಿದ್ದ ಒಂದು ಕೋಣೆಯ ಮನೆಯ ಕಾರ್ಪೆಟ್ ವಿಸ್ತೀರ್ಣ ಅರ್ಧ ಗುಂಟೆಗೂ ಕಡಿಮೆ. ಬೆಂಗಳೂರಿನ ವಿಜಯನಗರದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದು ಹೋದವನು ನಾನು. ಲಕ್ಷ್ಮೇಶ್ವರದಿಂದ ಅವ್ವ-ಅಪ್ಪ ಬಂದರೆ ವಿಜಯನಗರದಲ್ಲಿ ಒಂದು ತಿಂಗಳು ಇರುತ್ತಿದ್ದರು, ಠಾಣೆಯಲ್ಲಿ ಒಂದು ವಾರಕ್ಕೆ ‘ಹೊಲದ ಕೆಲಸ ಐತಿ’ ಅನ್ನುತ್ತಿದ್ದರು. ಬಾಡಿಗೆ ಹೋಲಿಸುವಾಗ ಮನೆ-ಮನೆ ಹೋಲಿಸದೆ ಚದರಡಿಗೆ ಎಷ್ಟು ಬೀಳುತ್ತದೆಂದು ನೋಡಬೇಕು. ಮಾರಾಟಕ್ಕೆ 2016ರ ರೇರಾ ಕಾಯ್ದೆ ಕಾರ್ಪೆಟ್ ಲೆಕ್ಕವನ್ನು ಕಡ್ಡಾಯ ಮಾಡಿದೆ. ಬಾಡಿಗೆಯವನು ಟೇಪು ತಾನೇ ಒಯ್ಯಬೇಕು.

ಮುಂಬೈಯ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಲೋಕಲ್ ರೈಲಿನ ಮಾಸಿಕ ಪಾಸು ಬಲು ಅಗ್ಗ. ದಾದರ್ ಬಿಟ್ಟು ಠಾಣೆ, ಡೊಂಬಿವ್ಲಿ, ಬದಲಾಪುರ ಎಂದು ಹೊರಗೆ ಸರಿದಂತೆ ಬಾಡಿಗೆ ಇಳಿಯುತ್ತದೆ, ಹೋಗಿ ಬರುವ ಖರ್ಚು ಹೆಚ್ಚೇನೂ ಏರದು. ಬೆಂಗಳೂರಿಗೆ ಅಂಥ ಅನುಕೂಲ ಈಗೀಗ ಬರುತ್ತಿದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗಿನ ನೇರಳೆ ಮಾರ್ಗ ಪೂರ್ತಿಯಾದದ್ದು 2023ರ ಅಕ್ಟೋಬರಿನಲ್ಲಿ, ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ. ಮೆಟ್ರೊ ಹತ್ತಿರವಿಲ್ಲದ ಕಡೆ ಬಾಡಿಗೆ ಉಳಿಸಿದವರು ಗಾಡಿಯ ಪೆಟ್ರೋಲಿಗೆ ಕೊಡುತ್ತಾರೆ.

ಇನ್ನು ಕೊಳ್ಳುವ ಮಾತು. ಜಾತ್ರೆಗೆ ಊರಿಗೆ ಬಂದರೆ ಕೇಳುವುದು ಒಂದೇ: ‘ಸ್ವಂತ ಮನಿ ಆತೇನು?’ ಈ ಮಾತಿನ ಒತ್ತಡಕ್ಕೇ ಸಾಲ ತೆಗೆದವರನ್ನು ಬಲ್ಲೆ. ಒಂದು ಕೋಟಿಯ ಫ್ಲ್ಯಾಟಿನ ಲೆಕ್ಕ ಹೀಗೆ. 75 ಲಕ್ಷ ಮೀರಿದ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಲೆಯ ಶೇ. 75ಕ್ಕಿಂತ ಹೆಚ್ಚು ಸಿಗದು. ಹಾಗಾಗಿ ಇಲ್ಲಿ ಸಾಲ 75 ಲಕ್ಷ ಎಂದೇ ಹಿಡಿದೆ, 25 ಲಕ್ಷ ಕೈಯಿಂದ. ನೋಂದಣಿಯ ಒಟ್ಟು ಖರ್ಚು ಅದರ ಮೇಲೆ: ಮುಂಬೈಯಲ್ಲಿ ಮುದ್ರಾಂಕ ಶುಲ್ಕ ಶೇ. 6, ನೋಂದಣಿಗೆ ಹೆಚ್ಚೆಂದರೆ 30,000, ಒಟ್ಟು 6.3 ಲಕ್ಷ. ಬೆಂಗಳೂರಿನಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿ, ಮುದ್ರಾಂಕ ಶುಲ್ಕ, ಸೆಸ್, ಸರ್ಚಾರ್ಜ್ ಕೂಡಿ ಒಟ್ಟು 7.6 ಲಕ್ಷ. ತುಟ್ಟಿಯೂರು ಮುಂಬೈಯೇ ಎಂದು ನಂಬಿದವರು ಇಲ್ಲಿ ಬೆಚ್ಚುತ್ತಾರೆ.

75 ಲಕ್ಷಕ್ಕೆ ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಕಂತು ತಿಂಗಳಿಗೆ ಸುಮಾರು 65,000. ಮೊದಲ ಕಂತಿನಲ್ಲಿ ಬಡ್ಡಿಯೇ 53,000. ಅದೇ ಮನೆಗೆ ಬೆಲೆಯ ಶೇ. 3ರಂತೆ ಬಾಡಿಗೆ ಹಿಡಿದರೆ 25,000. ಅಂದರೆ ಬರೀ ಬಡ್ಡಿ ಬಾಡಿಗೆಯ ಎರಡು ಪಟ್ಟಿಗೂ ಮಿಗಿಲು. ಬಾಡಿಗೆ ಕೊಟ್ಟವನ ಹಣ ನೀರಿಗೆ ಹೋಯಿತು ಎನ್ನುವವರು ಈ ಬಡ್ಡಿ ಎಲ್ಲಿ ಹೋಯಿತೆಂದು ಹೇಳುವುದಿಲ್ಲ. ಒಂದು ಷರತ್ತುಂಟು: ಕಂತು ಮತ್ತು ಬಾಡಿಗೆಯ ನಡುವಿನ ಹಣವನ್ನು ತಿಂಗಳು ತಿಂಗಳು ತೆಗೆದಿಟ್ಟರೆ ಮಾತ್ರ ಬಾಡಿಗೆಯವನು ಗೆದ್ದಂತೆ. ಫೋನು, ಕಾರಿಗೆ ಅದು ಹೋದರೆ ಸಾಲಗಾರನೇ ಮೇಲು, ಅವನನ್ನು ಬ್ಯಾಂಕಾದರೂ ಉಳಿಸಲು ಹಚ್ಚುತ್ತದೆ.

ಕೂಡಿಡುವ ವಿದ್ಯೆ ನಮಗೆ ಹೊಸದಲ್ಲ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಬೆಂಗಳೂರಿನಲ್ಲಿ ಮನೆ ಕಟ್ಟುವ ಸಹಕಾರಿ ಸಂಘ ಬಂದದ್ದು 1909ರಲ್ಲಿ, ಮುಂಬೈಯ ಗಾಮದೇವಿಯಲ್ಲಿ ತಲ್ಮಕಿ ಎಂಬವರ ಮುಂದಾಳತ್ವದ ಸಾರಸ್ವತ ಗೃಹ ಸಂಘ 1915ರಲ್ಲಿ. ಮುಂಬೈಯಲ್ಲಿ ಇಂದಿಗೂ ಫ್ಲ್ಯಾಟಿನವರು ಹೆಚ್ಚಾಗಿ ಸೊಸೈಟಿಯ ಷೇರುದಾರರು, ಬೆಂಗಳೂರಿನಲ್ಲಿ ಬಹುತೇಕ ಮಾಲೀಕರ ಸಂಘಗಳು. ಕೊಳ್ಳುವ ಮುಂಚೆ ಆ ಸಂಘದ ಲೆಕ್ಕಪತ್ರ ಓದಿ.

ಊರಲ್ಲಿ ಮನೆ ಕಟ್ಟಿಸುತ್ತೇನೆಂದರೆ ಅದಕ್ಕೂ ಸಾಲದ ಬಡ್ಡಿ ಹೆಚ್ಚುಕಡಿಮೆ ಅಷ್ಟೇ. ಬೀಗ ಹಾಕಿದ ಮನೆಯ ಕಂತು, ನಗರದ ಬಾಡಿಗೆ ಎರಡನ್ನೂ ಹೊರಬೇಕು. ತಂದೆತಾಯಿ ಅಲ್ಲಿ ಇರುವವರಾದರೆ ಕಟ್ಟಿಸಿ. ಬರೀ ಹೆಸರಿಗಾದರೆ ಬೇಡ.

ಎರಡು ಆಫರ್ ಹಿಡಿದು ಬಂದವರಿಗೆ ನಾನೀಗ ಹೇಳುವುದಿಷ್ಟು. ಕೈಗೆ ಬರುವ ಪಗಾರ ಬರೆಯಿರಿ. ಅಡ್ವಾನ್ಸಿನ ಬಡ್ಡಿ, ದಲ್ಲಾಳಿ ಸೇರಿದ ಬಾಡಿಗೆ ಕಳೆಯಿರಿ. ಊರಿಗೆ ಕಳಿಸುವುದನ್ನೂ ಬಂದು ಹೋಗುವುದನ್ನೂ ಕಳೆಯಿರಿ. ಉಳಿದದ್ದು ಹೆಚ್ಚಿರುವ ಊರಿಗೆ ಹೋಗಿ. ಸಮನಾದರೆ ಬೆಂಗಳೂರು: ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಗಿಗೆ ಗದಗಿನಲ್ಲಿರಬಹುದು, ಮುಂಬೈಯಿಂದ ಸೊಲ್ಲಾಪುರದ ಮೇಲೆ ಬಂದರೆ ಮರುದಿನದ ಅರ್ಧ ರಜೆಯೂ ಹೋಗುತ್ತದೆ. ಮನೆ ಕೊಳ್ಳುವ ಮಾತನ್ನು ಕೈಮುಂಗಡ ಸಾಲವಿಲ್ಲದೆ ಕೂಡಿದ ಮೇಲೆ ತೆಗೆಯಿರಿ.