ಗೊನೆ ತುಂಬಿತು, ಕಾಯಿ ಉಬ್ಬಲಿಲ್ಲ

ಪ್ರಶ್ನೆ: ನಾವು ಕೋಲ್ಕತ್ತದ ಖಿದಿರ್‌ಪುರದಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು. ಕೊಪ್ಪಳದ ಹತ್ತಿರದ ನಮ್ಮ ಹೊಲದಲ್ಲಿ ತಮ್ಮ ಬರ್ಹಿ ಖರ್ಜೂರ ಹಾಕಿದ್ದಾನೆ, ದುಡ್ಡು ನನ್ನದು. ಈ ಸಲ ಗಂಡು ಮರ ತಡವಾಗಿ ಹೂ ಬಿಟ್ಟಿತೆಂದು ಹಳ್ಳದ ದಂಡೆಯ ಈಚಲ ಪರಾಗ ಹಾಕಿದನಂತೆ. ಗೊನೆ ತುಂಬಾ ಕಾಯಿ, ಆದರೆ ಸಣ್ಣವು, ಬೀಜ ದಪ್ಪ. ರಂಜಾನಿನಲ್ಲಿ ಇಲ್ಲಿ ಬೀದಿಗೆ ಬರುವ ಖರ್ಜೂರದ ರಾಶಿ ನೆನೆದರೆ ಹೊಟ್ಟೆ ಉರಿಯುತ್ತದೆ. ತಮ್ಮನೊಡನೆ ಮಾತು ಬಿಟ್ಟಿದ್ದೇನೆ. ತಪ್ಪು ಅವನದೇ ತಾನೆ?

ಉತ್ತರ: ಮೊದಲು ತಮ್ಮನಿಗೆ ಫೋನ್ ಮಾಡಿ. ಅವನು ಈಚಲ ಮರ ಹತ್ತದಿದ್ದರೆ ಇಷ್ಟೂ ಇರುತ್ತಿರಲಿಲ್ಲ. ಪರಾಗ ಸಿಗದ ಹೆಣ್ಣು ಹೂ ಮೂರು ಮೂರು ಜೊಳ್ಳು ಕಾಯಿಗಳಾಗಿ ಅಂಟಿಕೊಂಡು ನಿಲ್ಲುತ್ತದೆ, ಸರಿಯಾಗಿ ಮಾಗುವುದಿಲ್ಲ. ಈಚಲು ಖರ್ಜೂರದ ದಾಯಾದಿ, ಪರಾಗ ಕೂಡುತ್ತದೆ. ಚಳಿಗಾಲದಲ್ಲಿ ನೀವು ಚಪ್ಪರಿಸುವ ನೊಲೇನ್ ಗುಡ ಎಂಬ ಬೆಲ್ಲವೂ ಈಚಲ ರಸದ್ದೇ.

ಹಾಗೆಂದು ನಿಮ್ಮ ಅನುಮಾನ ಸುಳ್ಳಲ್ಲ. ಸಾಮಾನ್ಯವಾಗಿ ಪರಾಗದ ಗುಣ ಬೀಜದಲ್ಲಿ ನಿಲ್ಲುತ್ತದೆ. ಖರ್ಜೂರದಲ್ಲಿ ತಿರುಳಿಗೂ ತಟ್ಟುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಖರ್ಜೂರ ಸಂಶೋಧಕ ರಾಯ್ ನಿಕ್ಸನ್ ಇದನ್ನು 1920ರ ದಶಕದಲ್ಲೇ ತೋರಿಸಿದರು. 1928ರಲ್ಲಿ ಸಸ್ಯವಿಜ್ಞಾನಿ ವಾಲ್ಟರ್ ಸ್ವಿಂಗಲ್ ಇದಕ್ಕೆ ಮೆಟಾಕ್ಸೀನಿಯಾ ಎಂದು ಹೆಸರಿಟ್ಟರು. ಕಾಯಿಯ ಗಾತ್ರ, ಬೀಜದ ತೂಕ, ಮಾಗುವ ಹೊತ್ತು, ಮೂರೂ ಗಂಡಿಗೆ ತಕ್ಕಂತೆ ಬದಲಾಗುತ್ತವೆ. ನನ್ನ ಲೆಕ್ಕದಲ್ಲಿ ನಮಗೆ ಮುಖ್ಯವಾದದ್ದು ಮೂರನೆಯದು. ಜೂನ್ ಮಳೆ ತಲೆ ಮೇಲೆ ನಿಂತಿರುತ್ತದೆ. ಅದಕ್ಕೇ ಬರ್ಹಿಯನ್ನು ಹಳದಿಯಾಗಿ ಗರಿಗರಿ ಇರುವಾಗಲೇ ಕೊಯ್ದು ಮಾರುವುದು. ಒಂದು ವಾರ ಮೊದಲೇ ಬಣ್ಣಕ್ಕೆ ತಿರುಗಿಸುವ ಗಂಡು ಸಿಕ್ಕರೆ ಅದನ್ನು ಬಿಡಬೇಡಿ.

ಆದರೆ, ಗೊನೆ ಬಿಡಿಸಿದ್ದನೇ ಎಂದು ಕೇಳಿದ್ದೀರಾ? "ಗೊನೆ ತುಂಬಾ" ಎಂದು ನೀವೇ ಬರೆದಿದ್ದೀರಿ. ಎಳೆಗಾಯಲ್ಲೇ ಗೊನೆಯ ಒಂದಷ್ಟು ಎಳೆ ಕತ್ತರಿಸದಿದ್ದರೆ ಎಂಥ ಗಂಡಿನ ಪರಾಗ ಬಿದ್ದರೂ ಕಾಯಿ ಸಣ್ಣದೇ. ದಪ್ಪ ಬೀಜದ ಮಾತು ಬೇರೆ, ಅಲ್ಲಿ ಈಚಲಿನ ಮೇಲೆ ನನಗೂ ಗುಮಾನಿ.

ಮುಂದಿನ ಹಂಗಾಮಿಗೆ ಒಂದೇ ಮರದಲ್ಲಿ ಎರಡು ಗೊನೆ ಹಿಡಿಯಿರಿ. ಒಂದಕ್ಕೆ ತೋಟದ ಗಂಡು, ಇನ್ನೊಂದಕ್ಕೆ ಈಚಲು. ಪರಾಗ ಹಾಕಿದ ಕೂಡಲೇ ಕಾಗದದ ಚೀಲ ಕಟ್ಟಿ, ಬೇರೆ ಬೇರೆ ಬಣ್ಣದ ದಾರ ಸುತ್ತಿ. ಎರಡರಲ್ಲೂ ಎಳೆ ಅಷ್ಟಷ್ಟೇ ಉಳಿಸಿ. ಕೊಯ್ಲಿನಲ್ಲಿ ಹತ್ತು ಹತ್ತು ಕಾಯಿ ತೂಗಿ, ಬೀಜ ತೆಗೆದು ಮತ್ತೆ ತೂಗಿ. ಆಮೇಲೆ ಬೇಕಿದ್ದರೆ ಜಗಳವಾಡಿ!

ತಡವಾಗಿ ಬಂದ ಗಂಡು ಹೂವನ್ನೂ ಚೆಲ್ಲಬೇಡಿ. ನೆರಳಲ್ಲಿ ಒಣಗಿಸಿ, ಉದುರಿದ ಪುಡಿ ಬಿಗಿ ಮುಚ್ಚಳದ ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಮುಂದಿನ ವರ್ಷ ಬೇಗ ಬಿರಿಯುವ ಹೆಣ್ಣಿಗಾಯಿತು. ಬಾಟಲಿಯ ಮೇಲೆ ತಾರೀಖು, ಮರದ ಗುರುತು ಬರೆಯಲು ಹೇಳಿ. ನೋಡಲು ಥೇಟ್ ಹಿಟ್ಟಿನ ಹಾಗಿರುತ್ತದೆ, ಬಜ್ಜಿಗೆ ಬಿದ್ದೀತು.